ಗಂಜಿಯಿಂದ ಕಾಳಜಿಗೆ: ನಿರಾಶ್ರಿತರನ್ನು ಕಾಯುವುದೂ ಒಂದು ವಿದ್ಯೆ



ನಮ್ಮ ಕಡೆ ಮಹಾಪೂರ ಬಂದಾಗ ಶಾಲೆಗಳಲ್ಲಿ ತೆರೆಯುತ್ತಿದ್ದ ಆಶ್ರಯತಾಣಕ್ಕೆ ಮೊದಲು ‘ಗಂಜಿ ಕೇಂದ್ರ’ ಎಂಬ ಹೆಸರಿತ್ತು. ಈಚಿನ ವರ್ಷಗಳಲ್ಲಿ ಸರಕಾರವು ಅದನ್ನು ‘ಕಾಳಜಿ ಕೇಂದ್ರ’ ಎಂದು ಕರೆಯುತ್ತಿದೆ. ಭಾಷೆ ಕಲಿಸಿದವನಾದ ನನಗೆ ಈ ಬದಲಾವಣೆ ಹಿಡಿಸಿತು. ಗಂಜಿ ಹೊಟ್ಟೆಗೆ ಸಂಬಂಧಿಸಿದ್ದು. ಕಾಳಜಿ ಇಡೀ ಮನುಷ್ಯನಿಗೆ ಸಂಬಂಧಿಸಿದ್ದು. ಗಡಿಭಾಗದ ನಮಗೆ ಇನ್ನೂ ಒಂದು ಅನುಕೂಲವೆಂದರೆ, ಈ ಶಬ್ದ ಮರಾಠಿ ಮನೆಮಾತಿನವರಿಗೂ ಹಾಗೆಯೇ ಅರ್ಥವಾಗುತ್ತದೆ. ಆದರೆ ಫಲಕ ಬದಲಾದಷ್ಟು ಸುಲಭವಾಗಿ ಕೆಲಸ ಬದಲಾಗುವುದಿಲ್ಲ. ಗಂಜಿ ಕಾಯಿಸಲು ಒಲೆ, ಪಾತ್ರೆ, ಅಕ್ಕಿ ಇದ್ದರೆ ಸಾಕು. ಕಾಳಜಿ ಮಾಡಲು ತಿಳಿವಳಿಕೆ ಬೇಕು, ಅದನ್ನು ಯಾರಾದರೂ ಕಲಿಸಬೇಕು. ಆ ಕಲಿಸುವ ಕೆಲಸ ನಮ್ಮಲ್ಲಿ ಸಾಕಷ್ಟು ನಡೆದಿಲ್ಲ ಎಂಬುದೇ ಈ ಲೇಖನದ ವಿಷಯ.

ಇದನ್ನು ಓದುವ ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ತಲಾಠಿಗಳು (ಈಗಿನ ಹೆಸರು ಗ್ರಾಮ ಆಡಳಿತಾಧಿಕಾರಿ), ಪಂಚಾಯತಿಯ ಅಭಿವೃದ್ಧಿ ಅಧಿಕಾರಿಗಳು, ಪೊಲೀಸರು, ದಾದಿಯರು, ಶಿಕ್ಷಕರು ಆಗಿದ್ದಾರೆ. ಕೆಲವರು ಬೆಂಗಳೂರು, ಪುಣೆ, ಪರದೇಶಗಳಲ್ಲಿದ್ದು ಊರಿಗೆ ಹೊಳೆ ಬಂದಾಗ ಲಾರಿಗಟ್ಟಲೆ ಸಾಮಾನು ಕಳಿಸುವವರು. ಆದ್ದರಿಂದ ಈ ಮಾತು ಸರಕಾರಕ್ಕೆ ಎಷ್ಟು ಸಲ್ಲುತ್ತದೆಯೋ ನಿಮಗೂ ಅಷ್ಟೇ ಸಲ್ಲುತ್ತದೆ.

ನಮ್ಮ ಐದು ತಾಲೂಕುಗಳ ನೆಲವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ವೇದಗಂಗೆ, ದೂಧಗಂಗೆಗಳು ನಿಪ್ಪಾಣಿ, ಚಿಕ್ಕೋಡಿ ಸೀಮೆಯಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತವೆ. ಪಂಚಗಂಗೆ ಅದಕ್ಕೂ ಮೇಲೆ ನರಸೋಬವಾಡಿಯಲ್ಲಿ ಕೃಷ್ಣೆಗೆ ಕೂಡುತ್ತದೆ. ಹೀಗೆ ತುಂಬಿದ ಕೃಷ್ಣೆ ಚಿಕ್ಕೋಡಿ, ಕಾಗವಾಡ, ರಾಯಬಾಗ, ಅಥಣಿಗಳ ದಂಡೆ ಹಿಡಿದು ಸಾಗುತ್ತಾಳೆ. ಜೋರು ಮಳೆಯಾದಾಗ ಕಲ್ಲೋಳ–ಯಡೂರ, ಕಾರದಗಾ–ಭೋಜ, ಜತ್ರಾಟ–ಭಿವಶಿ, ಮಲಿಕವಾಡ–ದತ್ತವಾಡ ಸೇತುವೆಗಳು ಮುಳುಗಿದ ಸುದ್ದಿ ನಮಗೆ ಪಂಚಾಂಗದಷ್ಟೇ ಪರಿಚಿತ. ಇಂಗಳಿ, ಮಾಂಜರಿ, ಜುಗೂಳ, ಮಂಗಾವತಿ, ಶಹಾಪುರ, ಕೃಷ್ಣಾ ಕಿತ್ತೂರ, ಸಪ್ತಸಾಗರ, ನದಿ ಇಂಗಳಗಾಂವ, ಕುಡಚಿ ಮುಂತಾದ ಊರುಗಳ ಜನ ಮಳೆಗಾಲದಲ್ಲಿ ಒಂದು ಕಣ್ಣು ಹೊಳೆಯ ಮೇಲಿಟ್ಟೇ ಮಲಗುತ್ತಾರೆ. 2005, 2019, 2021 ಮತ್ತು 2024, ಈ ವರ್ಷಗಳನ್ನು ಹೇಳಿದರೆ ಸಾಕು, ಇಲ್ಲಿಯ ಪ್ರತಿಯೊಂದು ಮನೆಯಲ್ಲೂ ಒಂದೊಂದು ಕಥೆ ಹೊರಡುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಸಹ್ಯಾದ್ರಿಯಲ್ಲಿ ಸುರಿದ ಮಳೆ, ಕೊಯ್ನಾ ಮತ್ತಿತರ ಜಲಾಶಯಗಳಿಂದ ಬಿಟ್ಟ ನೀರು ನಮ್ಮ ಹೊಳೆಗಳನ್ನು ಉಕ್ಕಿಸುತ್ತದೆ. ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಹೊರಬಿತ್ತೆಂಬ ಅಂಕಿ ನಮಗೆ ನೀರಿಗಿಂತ ಮೊದಲೇ ತಲುಪುತ್ತದೆ. ಯುದ್ಧದಿಂದ ಓಡುವವನಿಗೆ ಇಂತಹ ಮುನ್ಸೂಚನೆ ಸಿಗುವುದಿಲ್ಲ. ಹೊಳೆ ಹೇಳಿ ಬರುವಾಗಲೂ ನಾವು ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರಂತೆ ವರ್ತಿಸಿದರೆ ಅದಕ್ಕೆ ಕ್ಷಮೆಯಿಲ್ಲ.

‘ನಮ್ಮ ಜನ ನೆರೆ ಸಂತ್ರಸ್ತರು, ನಿರಾಶ್ರಿತರು ಹೇಗಾದಾರು?’ ಎಂದು ಕೆಲವರು ಕೇಳಬಹುದು. ನಿಜ, ಅಂತಾರಾಷ್ಟ್ರೀಯ ಕಾನೂನಿನಲ್ಲಿ ನಿರಾಶ್ರಿತನೆಂದರೆ ಕಿರುಕುಳಕ್ಕೆ ಅಂಜಿ ದೇಶದ ಗಡಿ ದಾಟಿ ಬಂದವನು. ಇದಕ್ಕೆಂದು 1951ರ ಒಪ್ಪಂದವಿದೆ, 1967ರ ಅನುಬಂಧವಿದೆ. ಭಾರತ ಇವೆರಡಕ್ಕೂ ಸಹಿ ಹಾಕಿಲ್ಲ. ತನ್ನ ದೇಶದೊಳಗೇ ಮನೆ ಬಿಟ್ಟು ಓಡಬೇಕಾದವರ ವಿಷಯದಲ್ಲಿ ವಿಶ್ವಸಂಸ್ಥೆಯು 1998ರಲ್ಲಿ ಮಾರ್ಗದರ್ಶಿ ತತ್ತ್ವಗಳನ್ನು ಹೊರತಂದಿತು. ಅದರಲ್ಲಿ ಯುದ್ಧ, ಹಿಂಸಾಚಾರಗಳ ಜೊತೆಗೆ ಪ್ರಕೃತಿ ವಿಕೋಪದಿಂದ ಸ್ಥಳ ಬಿಟ್ಟವರನ್ನೂ ಸೇರಿಸಲಾಗಿದೆ. ಅವರನ್ನು ಕಾಯುವ ಮೊದಲ ಹೊಣೆ ಆಯಾ ದೇಶದ ಸರಕಾರದ್ದೇ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾನೂನಿನ ಹೆಸರು ಏನೇ ಇರಲಿ, ಮನೆಯ ಕೀಲಿ ಸೊಂಟದಲ್ಲಿದ್ದು ಮನೆ ನೀರಿನಲ್ಲಿದ್ದಾಗ ಮನುಷ್ಯನಿಗೆ ಬೇಕಾಗುವುದು ಒಂದೇ ಬಗೆಯ ರಕ್ಷಣೆ.

ದೇಶ ಬಿಟ್ಟು ಬಂದ ನಿರಾಶ್ರಿತರ ಕಥೆಯೂ ನಮಗೆ ದೂರದ್ದಲ್ಲ. ಚಿಕ್ಕೋಡಿ, ನಿಪ್ಪಾಣಿ ಕಡೆಯ ಎಷ್ಟೋ ಮನೆಗಳಲ್ಲಿ ಮದುವೆ ನಿಶ್ಚಯವಾದರೆ ಜವಳಿ ತರಲು ಕೊಲ್ಲಾಪುರದ ಬಳಿಯ ಗಾಂಧಿನಗರಕ್ಕೆ ಹೋಗುತ್ತಾರೆ. ಆ ಪೇಟೆ ಹುಟ್ಟಿದ ಬಗೆಯನ್ನು ಎಷ್ಟು ಜನ ಬಲ್ಲರೋ ಕಾಣೆ. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಆಡಳಿತವು ಪೂರ್ವ ಪೋಲೆಂಡಿನಿಂದ ಸೈಬೀರಿಯಾ ಕಡೆಗೆ ಸಾಗಹಾಕಿದ್ದ ಕುಟುಂಬಗಳಲ್ಲಿ ಕೆಲವು ಬಿಡುಗಡೆ ಹೊಂದಿ ಇರಾನ್ ಮಾರ್ಗವಾಗಿ ಭಾರತಕ್ಕೆ ಬಂದವು. ಹೆಚ್ಚಿನವರು ಹೆಂಗಸರು, ಮಕ್ಕಳು. ಅವರಲ್ಲಿ ಸುಮಾರು 5,000 ಜನರಿಗೆ ಕೊಲ್ಲಾಪುರ ಸಂಸ್ಥಾನದ ವಳಿವಡೆಯಲ್ಲಿ 1943ರಿಂದ ಆಶ್ರಯ ದೊರೆಯಿತು. ಯುದ್ಧ ಮುಗಿದ ಕೆಲವು ವರ್ಷಗಳಲ್ಲಿ ಅವರು ಹೊರಟುಹೋದರು. ಅಷ್ಟರಲ್ಲಿ ದೇಶ ಇಬ್ಭಾಗವಾಗಿ ಸಿಂಧ್ ಪ್ರಾಂತದಿಂದ ಬಂದ ಹಿಂದೂ ಕುಟುಂಬಗಳಿಗೆ ಅದೇ ಶಿಬಿರದ ನೆಲ ಆಸರೆಯಾಯಿತು. ಅದೇ ಇಂದಿನ ಗಾಂಧಿನಗರ. 2024ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಪೋಲೆಂಡಿನ ವಾರ್ಸಾ ನಗರದಲ್ಲಿ ಕೊಲ್ಲಾಪುರದ ಹೆಸರಿನ ಸ್ಮಾರಕಕ್ಕೆ ಗೌರವ ಸಲ್ಲಿಸಿದಾಗ ನಮ್ಮ ನೆರೆಯ ಈ ಹಳೆಯ ಕಥೆ ಮತ್ತೆ ಬೆಳಕಿಗೆ ಬಂತು.

ವಳಿವಡೆಯಿಂದ ಕಲಿಯಬೇಕಾದದ್ದು ಏನು? ಅಲ್ಲಿ ಪೋಲಿಷ್ ಭಾಷೆಯ ಶಾಲೆಗಳಿದ್ದವು, ಆಸ್ಪತ್ರೆಯಿತ್ತು, ಚರ್ಚು ಇತ್ತು, ಮಕ್ಕಳಿಗೆ ಸ್ಕೌಟ್ ದಳಗಳಿದ್ದವು. ಶಿಬಿರದ ದಿನನಿತ್ಯದ ವ್ಯವಹಾರದಲ್ಲಿ ಆ ಜನರ ಕೈಯೇ ದೊಡ್ಡದಿತ್ತು. ಎಲ್ಲವನ್ನೂ ಕಳೆದುಕೊಂಡವರನ್ನು ಕೇವಲ ಉಣ್ಣುವ ಬಾಯಿಗಳೆಂದು ಕಾಣದೆ, ಊರು ಕಟ್ಟಬಲ್ಲ ಜನವೆಂದು ಕಂಡದ್ದೇ ಅದರ ಗುಟ್ಟು. ನಮ್ಮ ರಾಜ್ಯದಲ್ಲಿಯೂ 1960-61ರಲ್ಲಿ ಬೈಲಕುಪ್ಪೆಯಲ್ಲಿ, 1966ರಿಂದ ಮುಂಡಗೋಡದಲ್ಲಿ ಟಿಬೆಟನ್ನರಿಗೆ ಜಮೀನು ಕೊಟ್ಟು, ಅವರದೇ ಸಹಕಾರ ಸಂಘಗಳಿಗೆ, ಶಾಲೆಗಳಿಗೆ ಅವಕಾಶವಿತ್ತಾಗ ಕಾಡಿದ್ದ ನೆಲದಲ್ಲಿ ಬೆಳೆ ಬಂತು. ಇನ್ನೊಂದು ಉದಾಹರಣೆ ಸಿಂಧನೂರಿನದು. ಪೂರ್ವ ಬಂಗಾಳದಿಂದ ಬಂದವರನ್ನು ಅಲ್ಲಿ ನೆಲೆಗೊಳಿಸಿದ ಊರುಗಳು ಅರ್ಧ ಶತಮಾನ ಕಳೆದರೂ ‘ಆರ್.ಎಚ್. ಕ್ಯಾಂಪ್’ ಎಂದು ಸಂಖ್ಯೆಯಿಂದಲೇ ಗುರುತಿಸಲ್ಪಡುತ್ತವೆ. ಮೊಮ್ಮಕ್ಕಳ ಕಾಲಕ್ಕೂ ಊರಿಗೆ ಕ್ಯಾಂಪಿನ ಹೆಸರೇ ಉಳಿಯುತ್ತದೆಂದರೆ, ಮೊದಲ ದಿನ ನಾವು ಹಚ್ಚುವ ಚೀಟಿ ಎಷ್ಟು ಗಟ್ಟಿ ಎಂಬುದನ್ನು ಯೋಚಿಸಿ.

ಈಗ ನಮ್ಮ ಶಾಲೆಗಳಿಗೆ ಬರೋಣ. 2005ರ ಮಹಾಪೂರದಲ್ಲಿ ಹೊಳೆದಂಡೆಯ ಒಂದು ಊರಿನ ಶಾಲೆಯಲ್ಲಿ ಆಶ್ರಯ ಪಡೆದವರ ವ್ಯವಸ್ಥೆಗೆ ನಮ್ಮನ್ನು ನಿಯಮಿಸಿದ್ದರು. ಆದೇಶದಲ್ಲಿ ಇದ್ದದ್ದು ಕೋಣೆಗಳನ್ನು ತೆರೆಯಬೇಕು, ಹೆಸರು ಬರೆದುಕೊಳ್ಳಬೇಕು, ಊಟದ ಲೆಕ್ಕ ಇಡಬೇಕು ಎಂಬ ಮೂರು ಮಾತು. ಅಲ್ಲಿ ದುಡಿದ ಯಾರಲ್ಲಿಯೂ ಮನಸ್ಸಿನ ಕೊರತೆ ಇರಲಿಲ್ಲ. ಊರವರು ರೊಟ್ಟಿ ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ತಂದರು, ತರುಣರು ರಾತ್ರಿಯಿಡೀ ನೀರು ಹೊತ್ತರು. ಆದರೂ ಅಲ್ಲಿ ಕಂಡ ಕೆಲವು ದೃಶ್ಯಗಳು ಒಳ್ಳೆಯ ಮನಸ್ಸೊಂದೇ ಸಾಲದೆಂಬುದನ್ನು ತೋರಿಸಿದವು.

ಹೆಂಗಸರು ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಚಿಲಕವಿಲ್ಲದ ಶೌಚಾಲಯಕ್ಕೆ ಕತ್ತಲೆಯಲ್ಲಿ ಹೋಗಬೇಕಾದೀತೆಂಬ ಅಂಜಿಕೆ ಅವರದು; ಬಾಯಿಬಿಟ್ಟು ಯಾರಿಗೆ ಹೇಳಿಯಾರು? ಹೆಸರು ಬರೆದುಕೊಳ್ಳುತ್ತಿದ್ದವರೆಲ್ಲ ಗಂಡಸರು. ಒಬ್ಬ ಮುದುಕನ ಸಕ್ಕರೆ ಕಾಯಿಲೆಯ ಗುಳಿಗೆಗಳು ಮನೆಯಲ್ಲೇ ತೇಲಿಹೋಗಿದ್ದವು; ಎರಡು ದಿನ ಅವನು ಯಾರಿಗೂ ಹೇಳಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ. ಕೇರಿಯಿಂದ ಬಂದ ಕುಟುಂಬಗಳು ಪಡಸಾಲೆಯಲ್ಲೇ ಗಂಟು ಇಳಿಸಿ ಕುಳಿತಿದ್ದವು. ಹೊರಗೆ ಕೂಡಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಒಳಗೆ ಬನ್ನಿರೆಂದೂ ಯಾರೂ ಹೇಳಿರಲಿಲ್ಲ. ನಾವು ಇಬ್ಬರು ಶಿಕ್ಷಕರು ಹೋಗಿ ಕರೆತಂದ ಮೇಲೂ ಅವರು ಬಾಗಿಲ ಬಳಿಯೇ ಕುಳಿತರು. ದೂರದಿಂದ ಬಂದ ದಾನಿಗಳೊಬ್ಬರು ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಗೆ ಸ್ಟೀಲ್ ಪಾತ್ರೆ ಕೊಟ್ಟು ಫೋಟೋ ತೆಗೆಸಿದಾಗ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಪಾತ್ರೆ ಅವಳಿಗೆ ಬೇಕಾಗಿತ್ತು. ಆ ಫೋಟೋ ಬೇಕಾಗಿರಲಿಲ್ಲ.

ಇವುಗಳಲ್ಲಿ ಯಾವುದನ್ನೂ ಸರಿಪಡಿಸಲು ಕೋಟಿ ರೂಪಾಯಿ ಬೇಡ. ಒಂದು ಚಿಲಕ, ಒಂದು ಬಲ್ಬು, ಹೆಸರು ಬರೆಯುವಾಗ ಕೇಳುವ ಎರಡು ಹೆಚ್ಚಿನ ಪ್ರಶ್ನೆ, ಒಬ್ಬ ಮಹಿಳಾ ಸಿಬ್ಬಂದಿ, ಇಷ್ಟು ಸಾಕು. ಆದರೆ ಕೇಳಬೇಕೆಂಬುದು ತಿಳಿದಿರಬೇಕಲ್ಲ!

2005ರಲ್ಲೇ ನಮ್ಮ ದೇಶದಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಬಂತು. ಪರಿಹಾರ ಕೊಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮಗಳ ಆಧಾರದ ಮೇಲೆ ಭೇದ ಮಾಡಕೂಡದೆಂದು ಅದರ 61ನೆಯ ಕಲಮು ಹೇಳುತ್ತದೆ. 12ನೆಯ ಕಲಮಿನಂತೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಪರಿಹಾರದ ಕನಿಷ್ಠ ಮಟ್ಟವನ್ನು 2016ರಲ್ಲಿ ನಿಗದಿ ಮಾಡಿತು. ಪ್ರತಿಯೊಬ್ಬರಿಗೆ 3.5 ಚದರ ಮೀಟರ್ ಜಾಗ, ದಿನಕ್ಕೆ ಕನಿಷ್ಠ 3 ಲೀಟರ್ ಕುಡಿಯುವ ನೀರು, 30 ಜನರಿಗೆ ಒಂದು ಶೌಚಾಲಯ, ಹೆಂಗಸರಿಗೆ, ಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆ, ದೊಡ್ಡವರಿಗೆ ದಿನಕ್ಕೆ 2,400 ಕ್ಯಾಲೊರಿಯಷ್ಟು ಆಹಾರ ಎಂದು ಅದರಲ್ಲಿದೆ. ಹಳೆಯ ಅಭ್ಯಾಸದಂತೆ ಒಂದು ಲೆಕ್ಕ ಮಾಡೋಣ. ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ತರಗತಿ ಕೋಣೆ ಎಂದರೆ ಸುಮಾರು 37 ಚದರ ಮೀಟರ್. ನಿಯಮದಂತೆ ಅದರಲ್ಲಿ ಹತ್ತು ಜನ ಇರಬಹುದು. ಅಂತಹ ಕೋಣೆಯಲ್ಲಿ ಮೂವತ್ತು, ನಲವತ್ತು ಜನ ಮಲಗಿದ್ದನ್ನು ನಾನು ಕಂಡಿದ್ದೇನೆ. ಈ ಲೆಕ್ಕವನ್ನು ಮೇ ತಿಂಗಳಲ್ಲಿ ಮಾಡಿದರೆ ಎರಡನೆಯ ಕಟ್ಟಡವನ್ನು ಗುರುತಿಸಿಡಬಹುದು. ನೀರು ಊರಿಗೆ ನುಗ್ಗಿದ ರಾತ್ರಿ ಮಾಡಿದರೆ ಅದು ಬರೀ ಲೆಕ್ಕವಾಗಿಯೇ ಉಳಿಯುತ್ತದೆ.

ತರಬೇತಿಯಲ್ಲಿ ಏನನ್ನು ಕಲಿಸಬೇಕು? ನನಗೆ ತೋಚಿದ ಕೆಲವನ್ನು ಹೇಳುತ್ತೇನೆ.

ಮೊದಲನೆಯದು ಹೆಸರು ಬರೆಯುವ ವಿದ್ಯೆ. ಕುಟುಂಬದ ಯಜಮಾನನ ಹೆಸರೊಂದನ್ನೇ ಬರೆದರೆ ವಿಧವೆ ಸೊಸೆ, ತವರಿಗೆ ಬಂದು ಕುಳಿತ ಮಗಳು, ಒಂಟಿ ಮುದುಕಿ ಪಟ್ಟಿಯಿಂದ ಮಾಯವಾಗುತ್ತಾರೆ. ಬಸುರಿ, ಬಾಣಂತಿ, ಅಂಗವಿಕಲರು, ದಿನವೂ ಔಷಧ ಬೇಕಾದವರು ಯಾರು, ಯಾವ ಮಗು ಯಾರೊಡನೆ ಬಂದಿದೆ ಎಂಬುದನ್ನು ಮೊದಲ ದಿನವೇ ಬರೆಯಬೇಕು. ಕನ್ನಡ, ಮರಾಠಿ, ಉರ್ದು ಮೂರೂ ನಡೆಯುವ ನಮ್ಮ ಭಾಗದಲ್ಲಿ ಅವರವರ ಮಾತಿನಲ್ಲಿ ಕೇಳಬಲ್ಲವರನ್ನು ಕೂಡಿಸಬೇಕು. ಸಕ್ಕರೆ ಕಾರಖಾನೆ, ಇಟ್ಟಿಗೆ ಭಟ್ಟಿಗಳಿಗೆ ದುಡಿಯಲು ಬಂದವರಿಗೆ ಇಲ್ಲಿಯ ರೇಶನ್ ಕಾರ್ಡು ಇರುವುದಿಲ್ಲ. ಹಸಿವಿಗೆ ಕಾರ್ಡು ಬೇಕಿಲ್ಲವೆಂಬುದನ್ನು ಸಿಬ್ಬಂದಿಗೆ ಮೊದಲೇ ತಿಳಿಸಿರಬೇಕು.

ಎರಡನೆಯದು ಹಾನಿಯ ಸಮೀಕ್ಷೆ. 2019ರಲ್ಲಿ ನೀರು ಹೊಕ್ಕ ಮನೆಯ ಕುಟುಂಬಕ್ಕೆ ತುರ್ತಾಗಿ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ರಾಜ್ಯ ಸರಕಾರ ಘೋಷಿಸಿತು. ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಒಂದು ಅಕ್ಷರದ ಮೇಲೆ ಒಂದು ಕುಟುಂಬದ ಹತ್ತು ವರ್ಷದ ಬಾಳು ನಿಂತಿರುವಾಗ, ಆ ಅಕ್ಷರ ಬರೆಯುವವನಿಗೆ ಮಣ್ಣಿನ ಗೋಡೆ ನೀರು ಕುಡಿದು ವಾರದ ಮೇಲೆ ಕುಸಿಯುತ್ತದೆಂಬ ಅರಿವಿರಬೇಕು. ಒಂದೇ ಸೂರಿನಡಿ ಮೂವರು ಅಣ್ಣತಮ್ಮಂದಿರ ಮೂರು ಒಲೆಗಳಿದ್ದರೆ ಕುಟುಂಬ ಎಷ್ಟು? ಗಾಯರಾಣ ಜಾಗದಲ್ಲಿ ಮೂವತ್ತು ವರ್ಷ ಬಾಳಿ ಉತಾರ ಇಲ್ಲದವನು ಏನು ತೋರಿಸಬೇಕು? ಬಾಡಿಗೆದಾರನ ಸಾಮಾನಿಗೆ ಬೆಲೆಯಿಲ್ಲವೆ? ಸಮೀಕ್ಷೆಗೆ ಹೋಗುವವನು ಇವಕ್ಕೆ ಉತ್ತರ ತಿಳಿದೇ ಹೋಗಬೇಕು. ತನ್ನ ವರ್ಗೀಕರಣ ತಪ್ಪೆನಿಸಿದರೆ ಎಲ್ಲಿ, ಯಾವ ದಿನದೊಳಗೆ ಅರ್ಜಿ ಕೊಡಬೇಕೆಂಬುದನ್ನು ಅವನೇ ಸಂತ್ರಸ್ತರಿಗೆ ಹೇಳಿಬರಬೇಕು. ಕಳೆದ ಕಾಗದಪತ್ರಗಳನ್ನು ಮರಳಿ ಕೊಡುವುದು ಸರಕಾರದ ಕರ್ತವ್ಯವೆಂದು 1998ರ ತತ್ತ್ವಗಳಲ್ಲೂ ಇದೆ. ಸಂತ್ರಸ್ತನನ್ನು ಕಚೇರಿಯಿಂದ ಕಚೇರಿಗೆ ಅಲೆಸದೆ, ಕೇಂದ್ರದಲ್ಲೇ ಒಂದು ಮೇಜು ಹಾಕಿ ಆ ಕೆಲಸ ಮಾಡಬಹುದು.

ಮೂರನೆಯದು ದನಕರುಗಳ ಮಾತು. ಎಮ್ಮೆ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದವನನ್ನು ನಮ್ಮ ಅಧಿಕಾರಿಗಳು ಮೂರ್ಖನೆಂದು ಬೈಯುವುದುಂಟು. ಅವನ ಮಗಳ ಮದುವೆ, ಮಗನ ಫೀ, ಡೇರಿಯ ಲೆಕ್ಕ ಎಲ್ಲವೂ ಆ ಎಮ್ಮೆಯ ಮೇಲಿರುತ್ತದೆ. ಮೇವು, ದನದ ವೈದ್ಯರು ಇರುವ ಜಾಗ ಪಕ್ಕದಲ್ಲೇ ಸಿದ್ಧವಿದೆ ಎಂದು ಮೊದಲೇ ಹೇಳಿದರೆ ಅವನು ತಾನಾಗಿಯೇ ಹೊರಡುತ್ತಾನೆ. ಕೊನೆಯ ಗಳಿಗೆಯವರೆಗೆ ಕಾಯ್ದರೆ ಏನಾಗುತ್ತದೆಂಬುದಕ್ಕೆ ಸಾಂಗಲಿ ಜಿಲ್ಲೆಯ ಬ್ರಹ್ಮನಾಳವನ್ನು ನೆನೆಯಬೇಕು. 2019ರ ಆಗಸ್ಟ್ 8ರಂದು ಅಲ್ಲಿ ಅತಿಯಾಗಿ ಜನ ತುಂಬಿದ ನಾವೆ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ಒಂದು ನಾವೆಗೆ ಎಷ್ಟು ಜನ, ಯಾರು ಮೊದಲು, ಇಲ್ಲ ಎಂದು ಹೇಳುವ ಅಧಿಕಾರ ಯಾರದು, ಇವನ್ನು ದಡದಲ್ಲಿ ಜನ ಕೂಗಾಡುತ್ತಿರುವಾಗ ತೀರ್ಮಾನಿಸಲಾಗದು.

ನಾಲ್ಕನೆಯದು ಮರ್ಯಾದೆ. ಕೇಳದೆ ಫೋಟೋ ತೆಗೆಯಬಾರದು. ಹರಿದ ಬಟ್ಟೆ ಹಂಚಬಾರದು. ಸಾಲಿನಲ್ಲಿ ನಿಂತವರನ್ನು ಏಕವಚನದಲ್ಲಿ ಗದರಬಾರದು. ನಿನ್ನೆಯವರೆಗೆ ಅವರೂ ನಾಲ್ಕು ಜನರಿಗೆ ಊಟ ಹಾಕಿದವರೇ. ಅಡಿಗೆ, ಸ್ವಚ್ಛತೆ, ಮಕ್ಕಳ ಪಾಠಗಳಲ್ಲಿ ಅವರದೇ ಒಂದು ಸಮಿತಿ ಇರಲಿ, ಅದರಲ್ಲಿ ಅರ್ಧದಷ್ಟು ಹೆಂಗಸರಿರಲಿ.

ನನ್ನ ಶಿಕ್ಷಕ ಮಿತ್ರರು ಇಲ್ಲಿ ನಗುತ್ತಿರಬಹುದು. ‘ತರಬೇತಿ ಎಂದರೆ ಏನೆಂದು ನಮಗೆ ಗೊತ್ತಿಲ್ಲವೆ? ಬೆಳಿಗ್ಗೆ ಸಹಿ, ಹನ್ನೊಂದಕ್ಕೆ ಚಹಾ, ಮಧ್ಯಾಹ್ನ ನಿದ್ದೆ, ಸಂಜೆ ಭತ್ಯೆ!’ ಈ ಆಕ್ಷೇಪಣೆ ಸುಳ್ಳಲ್ಲ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ವಿಪತ್ತು ನಿರ್ವಹಣೆಗೆಂದೇ ಒಂದು ಕೇಂದ್ರವಿದೆ. ಆದರೆ ಅಥಣಿಯ ಹೊಳೆದಂಡೆಯಿಂದ ಅದು ಐದುನೂರು ಕಿಲೋಮೀಟರಿಗೂ ಆಚೆ. ಕೇಂದ್ರ ಸರಕಾರದ ‘ಆಪದ ಮಿತ್ರ’ ಯೋಜನೆ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರಿಗೆ ತರಬೇತಿ ಕೊಡುವ ಗುರಿ ಇಟ್ಟುಕೊಂಡಿತು. ಒಳ್ಳೆಯದೇ, ಆದರೆ ಅದರ ಒತ್ತು ಮುಖ್ಯವಾಗಿ ಜೀವ ಉಳಿಸುವ ಕಡೆಗೆ. ನೀರಿನಿಂದ ಎತ್ತಿದ ಮೇಲೆ ಮೂರು ವಾರ ಹೇಗೆ ನೋಡಿಕೊಳ್ಳಬೇಕೆಂಬ ವಿದ್ಯೆ ಬೇರೆಯೇ ಇದೆ.

ಆದ್ದರಿಂದ ತರಬೇತಿ ಸಭಾಭವನದಲ್ಲಿ ಬೇಡ. ಪ್ರತಿವರ್ಷ ಮೇ ತಿಂಗಳಲ್ಲಿ, ಯಾವ ಶಾಲೆ ಕೇಂದ್ರವಾಗಲಿದೆಯೋ ಅದೇ ಶಾಲೆಯಲ್ಲಿ, ಆ ಊರಿನ ತಲಾಠಿ, ಪಂಚಾಯತಿ ಸಿಬ್ಬಂದಿ, ಆಶಾ, ಅಂಗನವಾಡಿ ಕಾರ್ಯಕರ್ತೆಯರು, ಪೊಲೀಸರು, ಶಿಕ್ಷಕರು, ತರುಣ ಮಂಡಳದವರು ಎರಡು ದಿನ ಕೂಡಲಿ. ಕಲಿಸುವವರಾಗಿ ಅಧಿಕಾರಿಗಳೊಡನೆ 2019ರಲ್ಲಿ ಅದೇ ಕೋಣೆಯಲ್ಲಿ ಮಲಗಿದ್ದ ತಾಯಂದಿರು ಬರಲಿ. ಅವರಿಗಿಂತ ಒಳ್ಳೆಯ ಪಠ್ಯಪುಸ್ತಕ ಎಲ್ಲಿಯೂ ದೊರೆಯದು. ಒಂದು ಸಲ ಅಣಕು ಸ್ಥಳಾಂತರ ಮಾಡಿ ನೋಡಲಿ. ಚಿಲಕವಿಲ್ಲದ ಬಾಗಿಲು, ಕೆಟ್ಟ ಬೋರ್‌ವೆಲ್, ಕಳೆದ ಕೀಲಿಕೈ ಎಲ್ಲವೂ ಆಗಲೇ ಕಾಣಿಸುತ್ತವೆ. ತರುವಾಯ ಯಾರ ಕೆಲಸ ಏನು ಎಂಬ ಒಂದು ಪುಟದ ಪಟ್ಟಿ ಶಾಲೆಯ ಗೋಡೆಯ ಮೇಲೆ ಕನ್ನಡ, ಮರಾಠಿಗಳಲ್ಲಿ ಇರಲಿ. ಅಧಿಕಾರಿಗಳು ವರ್ಗವಾಗಿ ಹೋದರೂ ಗೋಡೆ ವರ್ಗವಾಗುವುದಿಲ್ಲ.

ಇದು ಆಗದ ಮಾತಲ್ಲ. 1999ರ ಮಹಾ ಚಂಡಮಾರುತದಲ್ಲಿ ಒಡಿಶಾ ಸುಮಾರು 10,000 ಜನರನ್ನು ಕಳೆದುಕೊಂಡಿತು. ಅನಂತರ ಅಲ್ಲಿ ಆಶ್ರಯ ಕಟ್ಟಡಗಳನ್ನು ಕಟ್ಟಿದರು. ಜೊತೆಗೆ ಹಳ್ಳಿಹಳ್ಳಿಯಲ್ಲಿ ಸಮಿತಿ ಮಾಡಿ, ತರುಣ ತರುಣಿಯರಿಗೆ ಕಲಿಸಿ, ಅಭ್ಯಾಸ ಮಾಡಿಸಿದರು. 2013ರ ಫೈಲಿನ್ ಚಂಡಮಾರುತದಲ್ಲಿ ಹತ್ತು ಲಕ್ಷದಷ್ಟು ಜನರನ್ನು ಸ್ಥಳಾಂತರಿಸಿದಾಗ ಸಾವಿನ ಸಂಖ್ಯೆ ಹತ್ತುಗಳಲ್ಲಿ ಎಣಿಸುವಷ್ಟಕ್ಕೆ ಇಳಿಯಿತು. ಬಡ ರಾಜ್ಯವೆನಿಸಿಕೊಂಡದ್ದು ಮಾಡಿ ತೋರಿಸಿದ್ದನ್ನು ಕಬ್ಬು, ತಂಬಾಕುಗಳ ಸಂಪನ್ನ ಸೀಮೆಯವರಾದ ನಾವು ಮಾಡಲಾರೆವೆ?

ದೂರದಲ್ಲಿರುವ ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಒಂದು ಬಿನ್ನಹ. ಈ ಸಲ ಹೊಳೆ ಬರುವವರೆಗೆ ಕಾಯಬೇಡಿ. ಬೇಸಿಗೆಯಲ್ಲಿ ಊರಿಗೆ ಬಂದಾಗ ನೀವು ಕಲಿತ ಶಾಲೆಗೆ ಒಮ್ಮೆ ಹೋಗಿರಿ. ಶೌಚಾಲಯದ ಬಾಗಿಲು ಹಾಕಿಕೊಳ್ಳುತ್ತದೆಯೆ, ನಲ್ಲಿಯಲ್ಲಿ ನೀರಿದೆಯೆ, ರಾತ್ರಿ ದೀಪ ಉರಿಯುತ್ತದೆಯೆ ಎಂದು ನೋಡಿರಿ. ಲಾರಿ ತುಂಬ ಹಳೆಯ ಬಟ್ಟೆ ಕಳಿಸುವ ಬದಲು, ಆ ಊರಿನ ಎರಡು ದಿನದ ತರಬೇತಿಯ ಖರ್ಚನ್ನು ವಹಿಸಿಕೊಳ್ಳಿರಿ. ಅಧಿಕಾರದಲ್ಲಿರುವ ಮಕ್ಕಳೇ, ಮುಂದಿನ ಮಳೆಗಾಲದಲ್ಲಿ ನಿಮ್ಮ ಮೇಜಿನ ಮುಂದೆ ಒದ್ದೆ ಬಟ್ಟೆಯ ಒಬ್ಬ ತಾಯಿ ಬಂದು ನಿಂತರೆ, ಹೆಸರು ಕೇಳುವುದಕ್ಕಿಂತ ಮೊದಲು ಕೂಡಲು ಹೇಳಿರಿ. ಆಮೇಲೆ ಅವರ ಜೊತೆ ಬಂದವರು ಯಾರು, ಬರಲಾರದೆ ಉಳಿದವರು ಯಾರು ಎಂದು ಕೇಳಿರಿ. ಕಾಳಜಿ ಕೇಂದ್ರದ ಮೊದಲ ಪಾಠ ಅದೇ.